ದಾರಿಹೋಕನ ಊಟ: ಕೊರಿಯಾದ ಅಗ್ಗದ ಹೋಟೆಲಿನ ಹಿಂದಿರುವ ಚರಿತ್ರೆ

ಒಂದು ದೇಶವನ್ನು ಅರಿಯಬೇಕಾದರೆ ಅಲ್ಲಿನ ಅರಮನೆಗಳನ್ನು, ಸ್ಮಾರಕಗಳನ್ನು ನೋಡಬೇಕು ಎನ್ನುತ್ತಾರೆ. ಅವನ್ನೆಲ್ಲ ನೋಡಿ ಮುಗಿಸುವ ಹೊತ್ತಿಗೆ ಪ್ರವಾಸಿಗನಿಗೆ ಹಸಿವಾಗಿರುತ್ತದೆ. ಆಗ ಅವನು ಹೋಗಿ ಕೂರುವ ಸಾಧಾರಣ ಹೋಟೆಲು ಅರಮನೆಯಷ್ಟೇ ಚರಿತ್ರೆಯನ್ನು ಹೇಳಬಲ್ಲದು ಎಂಬುದು ದಕ್ಷಿಣ ಕೊರಿಯಾದ ರಾಜಧಾನಿ ಸಿಯೋಲ್‌ನಲ್ಲಿ ನಮಗೆ ಮನವರಿಕೆಯಾಯಿತು.

ಸಿಯೋಲ್‌ನ ದೊಂಗ್‌ದೆಮುನ್ ಮಾರುಕಟ್ಟೆಯ ಬಳಿ, ಸುಟ್ಟ ಮೀನಿನ ಗಲ್ಲಿ ಎಂದೇ ಹೆಸರಾದ ಓಣಿಯೊಂದಿದೆ. ಅಂಗಡಿಗಳ ಬಾಗಿಲಲ್ಲೇ ಒಲೆ, ಒಲೆಯ ಮೇಲೆ ಮೀನು, ಓಣಿಯ ತುಂಬ ಹೊಗೆ. ಹಂದಿಮಾಂಸ ಬೇಡ, ಹಲಾಲ್ ಅಲ್ಲದ ಬೇರೆ ಮಾಂಸವೂ ಬೇಡ ಎನ್ನುವವರಿಗೆ ಕೊರಿಯಾದಲ್ಲಿ ಮೀನೇ ದೊಡ್ಡ ಆಸರೆ. ಭಾಷೆ ಬಾರದ ನಾವು ಒಲೆಯ ಮೇಲಿದ್ದ ಮೀನಿನತ್ತ ಬೆರಳು ತೋರಿಸಿ ಕುಳಿತೆವು. ಅವರು ಅದನ್ನು ಗೊದುಂಗೊ ಎನ್ನುತ್ತಾರೆ. ನಮ್ಮ ಕರಾವಳಿಯ ಬಂಗುಡೆಯ ದಾಯಾದಿ ಅದು. ಉಪ್ಪು ಸವರಿ ಸುಡುವುದಷ್ಟೇ ಅದರ ಅಡುಗೆ.

ನಾವು ಕೇಳಿದ್ದು ಮೀನು ಮಾತ್ರ. ಆದರೆ ಮೇಜಿನ ಮೇಲೆ ಬಂದದ್ದೇ ಬೇರೆ. ಮುಚ್ಚಳವಿದ್ದ ಸ್ಟೀಲ್ ಬಟ್ಟಲಿನಲ್ಲಿ ಬಿಸಿ ಅನ್ನ, ಹುಳಿಬರಿಸಿದ ಸೋಯಾ ಹಿಟ್ಟಿನ ಸಾರು, ಕಿಮ್ಚಿ, ಬೇಯಿಸಿದ ಸೊಪ್ಪು, ಮೊಳಕೆಕಾಳು, ಒಣಗಿಸಿ ಹುರಿದ ಚಿಕ್ಕ ಮೀನು ಎಲ್ಲವೂ ಬಂದವು. ಇದು ಯಾರದೋ ಊಟ ತಪ್ಪಿ ಬಂದಿದೆ ಎಂದುಕೊಂಡೆವು. ಬಿಲ್ಲು ಎಷ್ಟಾಗುತ್ತದೋ ಎಂಬ ಅಳುಕೂ ಇತ್ತು. ನಾವು ಕೈಯಾಡಿಸಿ ಬೇಡವೆಂದಾಗ ಬಡಿಸುತ್ತಿದ್ದ ವೃದ್ಧೆ ನಕ್ಕು, ಬಟ್ಟಲುಗಳನ್ನು ಇನ್ನಷ್ಟು ನಮ್ಮ ಹತ್ತಿರಕ್ಕೆ ಸರಿಸಿದರು. ಬಾಂಚಾನ್ ಎಂದು ಕರೆಯುವ ಈ ಪಲ್ಯ, ಉಪ್ಪಿನಕಾಯಿಗಳಿಗೆ ಅಲ್ಲಿ ಪ್ರತ್ಯೇಕ ಬೆಲೆಯಿಲ್ಲ. ಖಾಲಿಯಾದರೆ ಮತ್ತೆ ಕೊಡುತ್ತಾರೆ. ಪಕ್ಕದ ಮೇಜಿನವರು ಆಕೆಯನ್ನು ‘ಇಮೊ’ ಎಂದು ಕೂಗುತ್ತಿದ್ದರು. ಇಮೊ ಎಂದರೆ ತಾಯಿಯ ಸಹೋದರಿ. ನಮ್ಮ ಮನೆಗಳಲ್ಲಿ ಖಾಲಾ ಎನ್ನುತ್ತೇವಲ್ಲ, ಅದೇ.

ಕೇಳದೆಯೇ ಬರುವ ಈ ಊಟದ ಪದ್ಧತಿ ಎಲ್ಲಿಂದ ಬಂತು? ಕೊರಿಯಾದ ಅರಸರ ಊಟಕ್ಕೆ ದಾಖಲೆಗಳಿವೆ. ಜೋಸೊನ್ ರಾಜವಂಶದ ಅರಮನೆ ಅಡುಗೆಯನ್ನು ಅಲ್ಲಿನ ಸರಕಾರ 1971ರಲ್ಲಿ ರಾಷ್ಟ್ರೀಯ ಸಾಂಸ್ಕೃತಿಕ ಆಸ್ತಿಯೆಂದು ಘೋಷಿಸಿ ಕಾಪಾಡಿಕೊಂಡು ಬಂದಿದೆ. ದಾರಿಹೋಕನ ಊಟಕ್ಕೆ ಅಂಥ ಕಾವಲಿಲ್ಲ. ಅದರ ಚರಿತ್ರೆಯನ್ನು ಹಾಡು, ಊರಿನ ಹೆಸರು, ಗೋಡೆಯ ಗೀಟು, ಅನ್ನದ ಬಟ್ಟಲಿನ ಅಳತೆಗಳಲ್ಲಿ ಹುಡುಕಬೇಕಾಗುತ್ತದೆ. ಹುಡುಕಹೊರಟರೆ ಆ ದಾರಿಯಲ್ಲಿ ನಮ್ಮವರ ಹೆಜ್ಜೆಗುರುತುಗಳೂ ಸಿಗುತ್ತವೆ.

ಕಡುಬಿನ ಅಂಗಡಿಯ ಮುಸ್ಲಿಮ್ ವ್ಯಾಪಾರಿ

ಕೊರಿಯಾದಲ್ಲಿ ಊಟಕ್ಕೆ ಕುಳಿತ ಮುಸ್ಲಿಮ್ ಪ್ರವಾಸಿಗರಲ್ಲಿ ನಾವು ಮೊದಲಿಗರೇನಲ್ಲ. ಒಂಬತ್ತನೆಯ ಶತಮಾನದ ಭೂಗೋಳಶಾಸ್ತ್ರಜ್ಞ ಇಬ್ನ್ ಖುರ್ದಾದ್‌ಬಿಹ್, ಚೀನಾದಾಚೆ ಸಿಲ್ಲಾ ಎಂಬ ನಾಡಿದೆಯೆಂದೂ, ಅಲ್ಲಿ ಚಿನ್ನ ಹೇರಳವೆಂದೂ, ಅಲ್ಲಿಗೆ ಹೋದ ಮುಸ್ಲಿಮರು ಆ ನಾಡಿನ ಅನುಕೂಲಗಳಿಗೆ ಮನಸೋತು ಅಲ್ಲಿಯೇ ನೆಲೆಸುತ್ತಾರೆಂದೂ ಬರೆದಿದ್ದಾನೆ. ಸಿಲ್ಲಾ ಎಂಬುದು ಅಂದಿನ ಕೊರಿಯಾದ ರಾಜ್ಯ.

ಸಿಲ್ಲಾದ ನಂತರ ಬಂದ ಗೊರ್ಯೊ ರಾಜವಂಶ 918ರಿಂದ 1392ರವರೆಗೆ ಆಳಿತು. ಕೊರಿಯಾ ಎಂಬ ಹೆಸರು ಹುಟ್ಟಿದ್ದೇ ಆ ಗೊರ್ಯೊದಿಂದ. ಅದರ ರಾಜಧಾನಿ ಇಂದಿನ ಉತ್ತರ ಕೊರಿಯಾದ ಕೇಸೊಂಗ್ ನಗರ. ಅದರ ಸಮೀಪ, ಯೇಸೊಂಗ್ ನದಿಯ ದಡದಲ್ಲಿ ಬ್ಯೊಂಗ್ನಾಂದೊ ಎಂಬ ಬಂದರಿತ್ತು. 1024ರಲ್ಲಿ ಅರಬರ ನಾಡಿನಿಂದ ಸುಮಾರು ನೂರು ಮಂದಿ ವ್ಯಾಪಾರಿಗಳು ಬಂದರೆಂದೂ, ಮರುವರ್ಷ ಅಷ್ಟೇ ಮಂದಿಯ ಇನ್ನೊಂದು ತಂಡ ಬಂತೆಂದೂ, 1040ರಲ್ಲಿ ಬಂದವರು ಪಾದರಸ ಮತ್ತು ಸುಗಂಧದ್ರವ್ಯಗಳನ್ನು ಅರಸನಿಗೆ ಕಾಣಿಕೆಯಾಗಿ ತಂದರೆಂದೂ ಗೊರ್ಯೊ ಕಾಲದ ಅಧಿಕೃತ ಇತಿಹಾಸದಲ್ಲಿ ದಾಖಲಾಗಿದೆ.

ಹದಿಮೂರನೆಯ ಶತಮಾನದಲ್ಲಿ ಗೊರ್ಯೊ ಮಂಗೋಲರ ಅಧೀನವಾಯಿತು. ಮಂಗೋಲರ ಜೊತೆಗೆ ಮಧ್ಯ ಏಷ್ಯಾದ ಮುಸ್ಲಿಮರು ಅಧಿಕಾರಿಗಳಾಗಿ, ದುಭಾಷಿಗಳಾಗಿ, ವ್ಯಾಪಾರಿಗಳಾಗಿ ಬಂದರು. ಕೊರಿಯನ್ನರು ಅವರನ್ನು ‘ಹ್ವೆಹ್ವೆ’ ಎಂದು ಕರೆದರು. ಮಂಗೋಲ್ ರಾಜಕುಮಾರಿಯೊಬ್ಬಳು ಗೊರ್ಯೊದ ಅರಸ ಚುಂಗ್‌ನ್ಯೊಲ್‌ನ ರಾಣಿಯಾಗಿ ಬಂದಾಗ ಅವಳ ಪರಿವಾರದಲ್ಲಿ ಸಾಮ್ಗಾ ಎಂಬ ಹ್ವೆಹ್ವೆ ಇದ್ದ. ಅವನು ಜಾಂಗ್ ಸುನ್‌ರ್ಯೊಂಗ್ ಎಂಬ ಕೊರಿಯನ್ ಹೆಸರು ಪಡೆದು ಅಲ್ಲಿಯೇ ಉಳಿದ. ದೊಕ್ಸು ಜಾಂಗ್ ಎಂಬ ಮನೆತನ ಇಂದಿಗೂ ಅವನನ್ನು ತನ್ನ ಮೂಲಪುರುಷನೆಂದು ಹೇಳಿಕೊಳ್ಳುತ್ತದೆ.

ಅದೇ ಚುಂಗ್‌ನ್ಯೊಲ್ ಅರಸನ ಕಾಲದ (1274-1308) ಒಂದು ಹಾಡು ಕೊರಿಯಾದ ಹಳೆಯ ಸಾಹಿತ್ಯದಲ್ಲಿ ಪ್ರಸಿದ್ಧವಾಗಿದೆ. ಅದರ ಹೆಸರು ‘ಸ್ಸಾಂಗ್‌ಹ್ವಾಜೊಮ್’, ಅಂದರೆ ಸ್ಸಾಂಗ್‌ಹ್ವಾ ಅಂಗಡಿ. ಸ್ಸಾಂಗ್‌ಹ್ವಾ ಎಂಬುದು ಒಳಗೆ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಕಡುಬಿನಂಥ ತಿಂಡಿ. ಅದನ್ನು ಕೊಳ್ಳಲು ಹೆಂಗಸೊಬ್ಬಳು ಅಂಗಡಿಗೆ ಹೋಗುತ್ತಾಳೆ. ಅಂಗಡಿಯವನು ಒಬ್ಬ ಹ್ವೆಹ್ವೆ. ಅವನು ಅವಳ ಮುಂಗೈ ಹಿಡಿಯುತ್ತಾನೆ. ಮುಂದಿನ ಕಾಲದ ಪಂಡಿತರು ಈ ಹಾಡನ್ನು ಅಶ್ಲೀಲವೆಂದು ಹಳಿದರು. ಹಾಡಿನಲ್ಲಿ ಆ ಅಂಗಡಿಯವನ ಚಿತ್ರವೂ ಒಳ್ಳೆಯದೇನಲ್ಲ. ಆದರೆ ಚರಿತ್ರೆಯ ವಿದ್ಯಾರ್ಥಿಗೆ ಮುಖ್ಯವಾಗುವ ಸಂಗತಿ ಬೇರೆ. ಏಳುನೂರು ವರ್ಷಗಳ ಹಿಂದೆ ಕೊರಿಯಾದಲ್ಲಿ ಮುಸ್ಲಿಮನೊಬ್ಬ ತಿಂಡಿಯಂಗಡಿ ಇಟ್ಟುಕೊಂಡಿರುವುದು ಹಾಡು ಕಟ್ಟುವವರಿಗೆ ವಿವರಣೆ ಬೇಕಿಲ್ಲದ, ಎಲ್ಲರೂ ಕಂಡಿದ್ದ ಸಂಗತಿಯಾಗಿತ್ತು. ಇಂದು ಕೊರಿಯಾದ ಬೀದಿಬೀದಿಯಲ್ಲಿ ಸಿಗುವ ಮಾಂದು ಎಂಬ ಕಡುಬು, ತುರ್ಕರ ಮಂತಿ, ಚೀನಿಯರ ಮಾಂತೊ ಇವೆಲ್ಲ ಒಂದೇ ಬಳ್ಳಿಯ ಹೆಸರುಗಳು. ಕೊರಿಯನ್ನರ ಸೋಜು ಎಂಬ ಮದ್ಯವನ್ನು ಭಟ್ಟಿ ಇಳಿಸುವ ವಿದ್ಯೆಯೂ ಮಂಗೋಲರ ಕಾಲದಲ್ಲೇ ಪಶ್ಚಿಮದಿಂದ ಬಂತು. ಕೇಸೊಂಗ್ ಕಡೆಯಲ್ಲಿ ಅದಕ್ಕೆ ಅರಬಿಯ ‘ಅರಕ್’ ಎಂಬ ಹೆಸರೇ ಉಳಿದುಕೊಂಡಿತು. ಇದು ನಾವು ಹೆಮ್ಮೆಪಡಬೇಕಾದ ಕೊಡುಗೆಯಲ್ಲದಿದ್ದರೂ ಇತಿಹಾಸವೇ.

ಹಾಗಾದರೆ ಆ ಅಂಗಡಿಯವನ ಮಕ್ಕಳು, ಮೊಮ್ಮಕ್ಕಳು ಎಲ್ಲಿ ಹೋದರು? ಗೊರ್ಯೊದ ಬಳಿಕ 1392ರಲ್ಲಿ ಜೋಸೊನ್ ರಾಜವಂಶ ಬಂತು. ಅದರ ಮೊದಲ ದಶಕಗಳಲ್ಲಿ ಹ್ವೆಹ್ವೆಗಳ ಮುಖಂಡರು ಅರಮನೆಯ ಸಮಾರಂಭಗಳಲ್ಲಿ ತಮ್ಮದೇ ಉಡುಪಿನಲ್ಲಿ ಹಾಜರಿದ್ದು, ತಮ್ಮದೇ ರೀತಿಯಲ್ಲಿ ಅರಸನಿಗಾಗಿ ಪ್ರಾರ್ಥಿಸುತ್ತಿದ್ದರು. 1427ರಲ್ಲಿ ಆಚರಣೆಗಳ ಇಲಾಖೆ ಅರಸ ಸೇಜೊಂಗ್‌ಗೆ ಒಂದು ಮನವಿ ಸಲ್ಲಿಸಿತು. ಹ್ವೆಹ್ವೆಗಳ ಉಡುಪು ಬೇರೆಯಾಗಿರುವುದರಿಂದ ನಮ್ಮ ಜನ ಅವರೊಡನೆ ಮದುವೆ ಸಂಬಂಧಕ್ಕೆ ನಾಚುತ್ತಾರೆ. ಅವರು ಈಗ ನಮ್ಮ ಪ್ರಜೆಗಳೇ ಆಗಿರುವುದರಿಂದ ನಮ್ಮ ಉಡುಪನ್ನೇ ತೊಡಲಿ. ಸಮಾರಂಭದಲ್ಲಿ ಅವರು ಮಾಡುವ ಪ್ರಾರ್ಥನೆಯನ್ನೂ ನಿಲ್ಲಿಸಲಿ ಎಂಬುದು ಅದರ ಸಾರ. ಅರಸ ಒಪ್ಪಿದ.

ಈ ಸೇಜೊಂಗ್ ಸಾಮಾನ್ಯ ಅರಸನಲ್ಲ. ಕೊರಿಯನ್ನರು ಇಂದು ಬರೆಯುವ ಲಿಪಿಯನ್ನು ರೂಪಿಸಿ 1446ರಲ್ಲಿ ಜನರ ಕೈಗಿತ್ತವನು ಅವನೇ. ಗ್ರಹಣಗಳ ಲೆಕ್ಕಕ್ಕಾಗಿ ಅವನ ಖಗೋಳಜ್ಞರು ಸಿದ್ಧಪಡಿಸಿದ ಗ್ರಂಥವೊಂದಕ್ಕೆ ಹ್ವೆಹ್ವೆಗಳ ಪಂಚಾಂಗವೇ ಆಧಾರ. ಅವನ ಆಸ್ಥಾನಕ್ಕೆ ಮುಸ್ಲಿಮರ ಗಣಿತ ಬೇಕಾಗಿತ್ತು, ಮುಸ್ಲಿಮರ ಉಡುಪು ಬೇಡವಾಗಿತ್ತು. ಆ ಮನವಿಯಲ್ಲಿ ದ್ವೇಷದ ಮಾತಿಲ್ಲ, ‘ನಮ್ಮ ಪ್ರಜೆಗಳೇ’ ಎಂಬ ಮಾತಿದೆ. ಆದರೂ ಅದರ ನಂತರದ ತಲೆಮಾರುಗಳಲ್ಲಿ ಆ ಸಮುದಾಯ ಕೊರಿಯಾದ ಸಮಾಜದಲ್ಲಿ ಕರಗಿಹೋಯಿತು. ಅವರ ಮೇಲೆ ಯಾರೂ ಕತ್ತಿ ಎತ್ತಬೇಕಾಗಲಿಲ್ಲ. ಗುರುತು ಅಳಿಸುವ ಆಜ್ಞೆಯೊಂದೇ ಸಾಕಾಯಿತು.

ಜುಮಾಕ್ ಎಂಬ ಆಸರೆ

ದಾರಿಹೋಕರಿಗೆ ಊಟ, ಆಸರೆ ಕೊಡುವ ವ್ಯವಸ್ಥೆ ಕೊರಿಯಾದಲ್ಲಿ ಹಳೆಯದು. ಗೊರ್ಯೊ ಮತ್ತು ಜೋಸೊನ್ ಕಾಲದಲ್ಲಿ ಹೆದ್ದಾರಿಗಳ ಪಕ್ಕದಲ್ಲಿ ‘ವೊನ್’ ಎಂಬ ಸರಕಾರಿ ತಂಗುದಾಣಗಳಿದ್ದವು. ನಮ್ಮ ಕಡೆಯ ಛತ್ರ, ಮುಸಾಫಿರ್‌ಖಾನೆಗಳ ಹಾಗೆ. ಆದರೆ ಅವು ಮುಖ್ಯವಾಗಿ ಸರಕಾರಿ ಕೆಲಸದ ಮೇಲೆ ಹೋಗುವವರಿಗಾಗಿ ಇದ್ದವು. ಕಟ್ಟಡಗಳು ಎಂದೋ ಮಾಯವಾದರೂ ಊರಿನ ಹೆಸರುಗಳಲ್ಲಿ ಅವು ಉಳಿದಿವೆ. ಜೊಚಿವೊನ್, ಸಾರಿವೊನ್, ಸಿಯೋಲ್‌ನ ಇತೇವೊನ್ ಇವೆಲ್ಲ ಅಂಥ ಹೆಸರುಗಳು. ಇತೇವೊನ್ ಎಂಬ ಹೆಸರನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ನಾವು ಅಲ್ಲಿಗೆ ಮರಳಿ ಬರಲಿಕ್ಕಿದೆ.

ಜನಸಾಮಾನ್ಯರ ತಂಗುದಾಣ ಜುಮಾಕ್. ಜೋಸೊನ್ ಸರಕಾರ 1678ರಲ್ಲಿ ತಾಮ್ರದ ನಾಣ್ಯಗಳನ್ನು ಚಲಾವಣೆಗೆ ತಂದ ಮೇಲೆ ಇವು ಹೆಚ್ಚಿದವು. ಅದಕ್ಕೆ ಮುಂಚೆ ಪ್ರಯಾಣಿಕ ಅಕ್ಕಿಯನ್ನೋ ಬಟ್ಟೆಯನ್ನೋ ಹೊತ್ತು ನಡೆಯಬೇಕಿತ್ತು. ಸೊಂಟದಲ್ಲಿ ಕಾಸಿದ್ದರೆ ದಾರಿಯಲ್ಲಿ ಊಟ ಸಿಗುತ್ತದೆ ಎಂಬುದು ಹೊಸ ಅನುಕೂಲವಾಗಿತ್ತು. ರಾಜಧಾನಿಯ ಪರೀಕ್ಷೆಗೆ ಹೊರಟ ವಿದ್ಯಾರ್ಥಿಗಳು, ಐದು ದಿನಕ್ಕೊಮ್ಮೆ ಸೇರುವ ಸಂತೆಗಳಿಗೆ ತಿರುಗುವ ಹೊರೆ ವ್ಯಾಪಾರಿಗಳು, ದನ ಮಾರುವವರು ಎಲ್ಲರೂ ಜುಮಾಕ್‌ಗೆ ಬರುತ್ತಿದ್ದರು. ನಡೆಸುವವಳು ಹೆಚ್ಚಾಗಿ ಒಬ್ಬ ಹೆಂಗಸು. ಅವಳನ್ನು ಜುಮೊ ಎನ್ನುತ್ತಿದ್ದರು.

ಜುಮಾಕ್‌ನ ಒಂದು ರೂಢಿ ಗಮನಾರ್ಹ. ಅಲ್ಲಿ ಹಣ ಕೊಡಬೇಕಾದುದು ಊಟಕ್ಕೆ ಮತ್ತು ಪಾನೀಯಕ್ಕೆ ಮಾತ್ರ. ಉಂಡವನಿಗೆ ಮಲಗುವ ಜಾಗ ಉಚಿತ. ನೆಲದಡಿಯಿಂದ ಬಿಸಿ ಹಾಯಿಸಿದ ಒಂದೇ ಕೋಣೆಯಲ್ಲಿ ಪರಿಚಯವಿಲ್ಲದ ಹತ್ತಾರು ಮಂದಿ ಒತ್ತೊತ್ತಾಗಿ ಮಲಗುತ್ತಿದ್ದರು. ಮನೆಯಲ್ಲಿ ಕುಲೀನರು ಒಬ್ಬೊಬ್ಬರೂ ಬೇರೆ ಬೇರೆ ಪುಟ್ಟ ಮಣೆಯ ಮೇಲೆ ಉಣ್ಣುತ್ತಿದ್ದ, ಮೇಲುಕೀಳಿನ ಭೇದ ಕಟ್ಟುನಿಟ್ಟಾಗಿದ್ದ ಸಮಾಜದಲ್ಲಿ ಇದು ಸಣ್ಣ ಸಂಗತಿಯಲ್ಲ.

ಅಲ್ಲಿನ ಊಟ ಗುಕ್‌ಬಾಪ್. ಗುಕ್ ಎಂದರೆ ಸಾರು, ಬಾಪ್ ಎಂದರೆ ಅನ್ನ. ಬೆಳಗ್ಗೆ ಮಾಡಿಟ್ಟ ಅನ್ನ ಹೊತ್ತು ಹೋದಂತೆ ತಣ್ಣಗಾಗುತ್ತದೆ. ಒಲೆಯ ಮೇಲೆ ಸಾರಿನ ಹಂಡೆ ಮಾತ್ರ ಕುದಿಯುತ್ತಲೇ ಇರುತ್ತದೆ. ಗಿರಾಕಿ ಬಂದಾಗ ಬಟ್ಟಲಿಗೆ ತಣ್ಣನೆ ಅನ್ನ ಹಾಕಿ, ಕುದಿಯುವ ಸಾರನ್ನು ಹೊಯ್ದು, ಅದನ್ನು ಮತ್ತೆ ಹಂಡೆಗೆ ಬಸಿದು, ಮತ್ತೆ ಹೊಯ್ದು, ಹೀಗೆ ಹಲವು ಸಲ ಮಾಡುತ್ತಿದ್ದರು. ಅನ್ನದ ಒಂದೊಂದು ಅಗುಳೂ ಬಿಸಿಯಾಗುತ್ತದೆ, ಆದರೆ ಬಾಯಿ ಸುಡುವುದಿಲ್ಲ. ತೊರ್ಯೊಮ್ ಎಂಬ ಈ ಕ್ರಮವನ್ನು ಹಳೆಯ ಹೋಟೆಲುಗಳಲ್ಲಿ ಇಂದಿಗೂ ಕಾಣಬಹುದು. ದನದ ಮೂಳೆಗಳನ್ನು ಹಾಲಿನ ಬಣ್ಣ ಬರುವವರೆಗೆ ತಾಸುಗಟ್ಟಲೆ ಬೇಯಿಸಿ ಮಾಡುವ ಸೊಲ್ಲೊಂಗ್‌ತಾಂಗ್ ಈ ಬಗೆಯ ಊಟಗಳಲ್ಲಿ ಹೆಸರುವಾಸಿ. ಸಿಯೋಲ್‌ನ ಅತಿ ಹಳೆಯ ಹೋಟೆಲೆಂದು ಹೇಳುವ ಇಮುನ್ ಸೊಲ್ಲೊಂಗ್‌ತಾಂಗ್ ಇಪ್ಪತ್ತನೆಯ ಶತಮಾನದ ಆರಂಭದಿಂದ ಇದನ್ನೇ ಬಡಿಸುತ್ತ ಬಂದಿದೆ. ಅರಸ ನೇಗಿಲು ಹಿಡಿದು ಉಳುವ ವಿಧಿಯ ನಂತರ ಹಂಚುತ್ತಿದ್ದ ಸಾರಿನಿಂದ ಈ ಹೆಸರು ಬಂತೆಂದು ಕೆಲವರು, ಮಂಗೋಲರ ಸಾರಿನ ಹೆಸರಿನಿಂದ ಬಂತೆಂದು ಕೆಲವರು ಹೇಳುತ್ತಾರೆ.

ಇವುಗಳ ಜೊತೆಗೆ ಬರುವ ಕಿಮ್ಚಿಯ ಕೆಂಪು ಮಾತ್ರ ಅಷ್ಟು ಹಳೆಯದಲ್ಲ. ಕಿಮ್ಚಿ ಪ್ರಾಚೀನವಾದರೂ ಅದರಲ್ಲಿ ಮೆಣಸಿನಕಾಯಿ ಇರಲಿಲ್ಲ. 1592ರಿಂದ 1598ರವರೆಗೆ ನಡೆದ ಜಪಾನಿನ ದಾಳಿಗಳ ಕಾಲದಲ್ಲಿ ಅದು ಕೊರಿಯಾಕ್ಕೆ ಬಂದಿರಬೇಕೆಂದು ಸಾಮಾನ್ಯವಾಗಿ ಹೇಳುತ್ತಾರೆ. 1614ರ ಕೊರಿಯನ್ ವಿಶ್ವಕೋಶವೊಂದು ಅದನ್ನು ಜಪಾನಿನಿಂದ ಬಂದ ಖಾರವೆಂದು ಹೆಸರಿಸುತ್ತದೆ. ಜಪಾನಿಗೆ ಅದನ್ನು ತಂದವರು ಪೋರ್ಚುಗೀಸರು. ಗೋವೆಯ ಮೂಲಕ ನಮ್ಮ ನಾಡಿಗೆ ತಂದವರೂ ಅವರೇ. ನಮ್ಮ ಬ್ಯಾಡಗಿ ಮೆಣಸಿನಕಾಯಿಗೂ ಕೊರಿಯಾದ ಕಿಮ್ಚಿಗೂ ಇರುವ ನಂಟು ಇದು. ಎರಡೂ ಕಡೆಯ ಜನರು ಇಂದು ಅದನ್ನು ತಮ್ಮ ಅಜ್ಜಂದಿರ ಕಾಲದ್ದೆಂದೇ ನಂಬಿದ್ದಾರೆ.

ಜುಮಾಕ್‌ಗಳ ಪೈಕಿ ಕೊನೆಯದೆಂದು ಹೇಳುವುದು ಯೇಚೊನ್ ಜಿಲ್ಲೆಯ ಸಾಮ್‌ಗಾಂಗ್ ಎಂಬಲ್ಲಿ, ಮೂರು ನದಿಗಳು ಕೂಡುವ ದೋಣಿಕಟ್ಟೆಯ ಬಳಿಯಿದೆ. 1900ರ ಸುಮಾರಿಗೆ ಕಟ್ಟಿದ ಈ ಪುಟ್ಟ ಮನೆಯ ಕೊನೆಯ ಜುಮೊ 2005ರಲ್ಲಿ ತೀರಿಕೊಂಡರು. ಅನಂತರ ಸರಕಾರ ಅದನ್ನು ದುರಸ್ತಿ ಮಾಡಿ ಉಳಿಸಿದೆ. ಆಕೆಗೆ ಓದು ಬರಹ ಬರುತ್ತಿರಲಿಲ್ಲ. ಸಾಲ ಹೇಳಿ ಉಂಡು ಹೋದವರ ಲೆಕ್ಕವನ್ನು ಅಡುಗೆಮನೆಯ ಮಣ್ಣಿನ ಗೋಡೆಯ ಮೇಲೆ ಗೀಟು ಹಾಕಿ ಇಡುತ್ತಿದ್ದರು. ಸಣ್ಣ ಸಾಲಕ್ಕೆ ಗಿಡ್ಡ ಗೀಟು, ದೊಡ್ಡದಕ್ಕೆ ಉದ್ದ ಗೀಟು. ಹಣ ಬಂದಾಗ ಅದರ ಮೇಲೆ ಅಡ್ಡಗೀಟು. ಆ ಗೋಡೆ ಇಂದಿಗೂ ಇದೆ. ಯಾರ ಗೀಟು ಯಾವುದೆಂದು ಆಕೆಗೆ ಮಾತ್ರ ಗೊತ್ತಿತ್ತು.

ಬಟ್ಟಲಿನ ಅಳತೆ

ಸುಟ್ಟ ಮೀನಿನ ಗಲ್ಲಿಯಲ್ಲಿ ನಮ್ಮ ಮುಂದೆ ಬಂದ ಆ ಊಟದ ಬಗೆಗೆ ಬೆಕ್‌ಬಾನ್ ಎಂದು ಹೆಸರು. ಪದದ ಅರ್ಥ ಬಿಳಿ ಅನ್ನ, ಅಷ್ಟೆ. ಅಷ್ಟು ಸರಳವಾದ ಹೆಸರಿನ ಹಿಂದೆ ದೊಡ್ಡ ಹಸಿವು ಅಡಗಿದೆ. ಹಿಂದೆ ಕೊರಿಯಾದ ರೈತನಿಗೆ ಬಿಳಿ ಅನ್ನ ಹಬ್ಬದ ಊಟವಾಗಿತ್ತು. ಚಳಿಗಾಲದ ಹೊತ್ತಿಗೆ ಅಕ್ಕಿ ಮುಗಿಯುತ್ತಿತ್ತು. ಬಾರ್ಲಿ ಕೊಯ್ಲಿಗೆ ಬರುವುದು ಬೇಸಿಗೆಯ ಮೊದಲಲ್ಲಿ. ನಡುವಣ ವಸಂತದ ತಿಂಗಳುಗಳನ್ನು ಬೇರು, ತೊಗಟೆ, ಸೊಪ್ಪು ತಿಂದು ಕಳೆಯಬೇಕಿತ್ತು. ಆ ತಿಂಗಳುಗಳನ್ನು ಅವರು ‘ಬಾರ್ಲಿಯ ಕಣಿವೆದಾರಿ’ ಎನ್ನುತ್ತಿದ್ದರು. ಏರಿ ದಾಟಿದವರು ಬದುಕುತ್ತಿದ್ದರು. 1910ರಿಂದ 1945ರವರೆಗಿನ ಜಪಾನಿನ ಆಳ್ವಿಕೆಯಲ್ಲಿ ಅಕ್ಕಿ ಹಡಗು ಹತ್ತಿ ಜಪಾನಿಗೆ ಹೋಯಿತು. ಬೆಳೆದವರು ಮಂಚೂರಿಯಾದಿಂದ ತಂದ ನವಣೆ ತಿಂದರು.

ಆಮೇಲೆ 1950ರ ಯುದ್ಧ. ಮೂರು ವರ್ಷ ನಡೆದ ಆ ಯುದ್ಧದಲ್ಲಿ ಲಕ್ಷಾಂತರ ಜನ ಸತ್ತರು, ಲಕ್ಷಾಂತರ ಜನ ನಿರಾಶ್ರಿತರಾದರು. ಕನ್ನಡಿಗರು ಇಲ್ಲಿ ಒಂದು ಹೆಸರನ್ನು ನೆನೆಯಬೇಕು. ಕದನ ನಿಂತ ಮೇಲೆ, ತಮ್ಮ ದೇಶಕ್ಕೆ ಮರಳಲು ಒಪ್ಪದ ಸುಮಾರು 23 ಸಾವಿರ ಯುದ್ಧಕೈದಿಗಳ ಹೊಣೆ ಹೊತ್ತ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ಅಧ್ಯಕ್ಷರಾಗಿದ್ದವರು ಕೊಡಗಿನ ಜನರಲ್ ತಿಮ್ಮಯ್ಯ.

ಯುದ್ಧದ ನಂತರ ಅಮೆರಿಕದ ನೆರವಿನ ಗೋಧಿಹಿಟ್ಟು ಬಂತು. ಉತ್ತರದಿಂದ ಬೂಸಾನ್ ನಗರಕ್ಕೆ ಓಡಿಬಂದವರು ಬಕ್‌ವೀಟ್ ಹಿಟ್ಟು ಸಿಗದೆ, ತಮ್ಮೂರಿನ ತಣ್ಣನೆಯ ಶಾವಿಗೆಯನ್ನು ಗೋಧಿಹಿಟ್ಟಿನಲ್ಲಿ ಮಾಡಿಕೊಂಡರು. ಅಮೆರಿಕನ್ ಸೇನಾ ನೆಲೆಗಳಿಂದ ಹೊರಬಿದ್ದ ಡಬ್ಬಿಯ ಮಾಂಸವನ್ನು ಕಿಮ್ಚಿಯೊಡನೆ ಕುದಿಸಿ ‘ಸೇನಾನೆಲೆಯ ಸಾರು’ ಮಾಡಿದರು. ಇವೆರಡೂ ಇಂದು ಪ್ರವಾಸಿಗರು ಹುಡುಕಿಕೊಂಡು ಹೋಗುವ ರುಚಿಗಳಾಗಿವೆ.

ಅಕ್ಕಿಯ ಕೊರತೆ ಮುಂದುವರಿದಾಗ ಸರಕಾರ ಹೋಟೆಲಿನ ಅಡುಗೆಮನೆಗೇ ಕಾಲಿಟ್ಟಿತು. ಪಾರ್ಕ್ ಚುಂಗ್ ಹೀ ಆಡಳಿತದಲ್ಲಿ ಅನ್ನಕ್ಕೆ ಬಾರ್ಲಿ ಬೆರೆಸಬೇಕೆಂಬ ಅಭಿಯಾನ ನಡೆಯಿತು. ಮಕ್ಕಳ ಬುತ್ತಿಯಲ್ಲಿ ಬಾರ್ಲಿ ಇದೆಯೇ ಎಂದು ಮೇಷ್ಟರು ತರಗತಿಯಲ್ಲಿ ಮುಚ್ಚಳ ತೆರೆಸಿ ನೋಡುತ್ತಿದ್ದರು. 1969ರಿಂದ ವಾರದಲ್ಲಿ ಎರಡು ದಿನ, ಬುಧವಾರ ಮತ್ತು ಶನಿವಾರ, ಹೋಟೆಲುಗಳಲ್ಲಿ ಮಧ್ಯಾಹ್ನ ಅನ್ನ ಮಾರಕೂಡದೆಂಬ ಕಟ್ಟಳೆ ಬಂತು. ಅನಂತರ ಬಟ್ಟಲಿನ ಸರದಿ. ಹಿಂದಿನ ದೊಡ್ಡ ಬಟ್ಟಲುಗಳನ್ನು ಬಿಟ್ಟು ಒಂದೇ ಅಳತೆಯ ಸ್ಟೀಲ್ ಬಟ್ಟಲಿನಲ್ಲೇ ಅನ್ನ ಕೊಡಬೇಕೆಂದು ಸಿಯೋಲ್ ನಗರಾಡಳಿತ ವಿಧಿಸಿತು. 1976ರ ಆದೇಶದಂತೆ ಬಟ್ಟಲಿನ ಅಗಲ 10.5 ಸೆಂಟಿಮೀಟರ್, ಎತ್ತರ 6 ಸೆಂಟಿಮೀಟರ್. ಅದರಲ್ಲೂ ಐದರಲ್ಲಿ ನಾಲ್ಕು ಪಾಲು ಮಾತ್ರ ಅನ್ನ ತುಂಬಬೇಕು. ತಪ್ಪಿದರೆ ಅಂಗಡಿಗೆ ಬೀಗ. ನಮ್ಮ ಮುಂದೆ ಬಂದ ಮುಚ್ಚಳದ ಬಟ್ಟಲು ಆ ಆದೇಶದ ಸಂತಾನವೇ. ನೋಡಲು ಪುರಾತನ ಸಂಪ್ರದಾಯದಂತೆ ಕಾಣುವ ಅದು ಹುಟ್ಟಿದ್ದು ಸರಕಾರಿ ಕಚೇರಿಯಲ್ಲಿ.

ಕೊರತೆಯನ್ನು ನೀಗಿಸಿದ್ದು ಹೊಸ ಭತ್ತ. ಫಿಲಿಪೈನ್ಸ್‌ನ ಅಂತಾರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆಯ ನೆರವಿನಿಂದ ಕೊರಿಯಾದ ವಿಜ್ಞಾನಿಗಳು ತೊಂಗಿಲ್ ಎಂಬ ತಳಿಯನ್ನು ಬೆಳೆಸಿದರು. ತೊಂಗಿಲ್ ಎಂದರೆ ಏಕೀಕರಣ. ಅದರ ಹೆತ್ತವರಲ್ಲಿ ಒಂದು ಐ.ಆರ್. 8. ನಮ್ಮ ಗದ್ದೆಗಳಲ್ಲಿ ಹಸಿರು ಕ್ರಾಂತಿಯ ಕಾಲದಲ್ಲಿ ಬೆಳೆದ ಅದೇ ಐ.ಆರ್. 8. ಇಳುವರಿ ಹೆಚ್ಚು, ಆದರೆ ಅನ್ನ ಉದುರುದುರು. ಅಂಟು ಅನ್ನವನ್ನೇ ಇಷ್ಟಪಡುವ ಕೊರಿಯನ್ನರು ಮೂಗು ಮುರಿದರು. ಆದರೂ 1977ರ ಹೊತ್ತಿಗೆ ದೇಶ ಅಕ್ಕಿಯಲ್ಲಿ ಸ್ವಾವಲಂಬಿಯಾಯಿತು. ಹಸಿವು ಹೋದ ಮೇಲೆ ಜನ ತೊಂಗಿಲ್ ಅನ್ನೂ ಬಿಟ್ಟರು. 1970ರಲ್ಲಿ ಒಬ್ಬ ಕೊರಿಯನ್ ವರ್ಷಕ್ಕೆ ಸರಾಸರಿ 136 ಕಿಲೋ ಅಕ್ಕಿ ಉಣ್ಣುತ್ತಿದ್ದ. 2023ರಲ್ಲಿ ಅದು 56 ಕಿಲೋ. ಅನ್ನ ಕಡಿಮೆ ಉಣ್ಣಿ ಎಂದು ಗದರಿಸುತ್ತಿದ್ದ ಸರಕಾರ ಅನಂತರದ ಕಾಲದಲ್ಲಿ ಅನ್ನ ಉಣ್ಣಿ ಎಂದು ಪ್ರಚಾರ ಮಾಡಬೇಕಾಯಿತು.

ಇಷ್ಟೆಲ್ಲ ಕಟ್ಟಳೆಗಳ ನಡುವೆ ಒಂದನ್ನು ಮಾತ್ರ ಸರಕಾರಕ್ಕೆ ಬದಲಿಸಲಾಗಲಿಲ್ಲ. 1980ರ ದಶಕದಲ್ಲಿ, ಆಹಾರ ಪೋಲಾಗುತ್ತದೆಂಬ ಕಾರಣಕ್ಕೆ ಬಾಂಚಾನ್‌ಗಳಿಗೂ ಬೇರೆ ಬೇರೆ ಬೆಲೆ ಹಚ್ಚಿ, ಕೇಳಿದ್ದನ್ನಷ್ಟೇ ಕೊಡುವ ಪದ್ಧತಿ ತರಲು ಪ್ರಯತ್ನ ನಡೆಯಿತು. ಜನ ಒಪ್ಪಲಿಲ್ಲ. ಅನ್ನದ ಬಟ್ಟಲು ಎಷ್ಟು ಚಿಕ್ಕದಾದರೂ ಸರಿ, ಅದರ ಸುತ್ತಲಿನ ಪುಟ್ಟ ಬಟ್ಟಲುಗಳಿಗೆ ಲೆಕ್ಕ ಹಚ್ಚಬಾರದು ಎಂಬುದು ಅವರ ನಿಲುವಾಗಿತ್ತು. ಕೊರಿಯನ್ನರು ಎದುರಾದವರನ್ನು ‘ಊಟ ಆಯಿತೇ’ ಎಂದು ವಿಚಾರಿಸುತ್ತಾರೆ. ಕನ್ನಡಿಗರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹಸಿವನ್ನು ಕಂಡ ನಾಡುಗಳಲ್ಲೇ ಕ್ಷೇಮಸಮಾಚಾರ ಊಟದ ಪ್ರಶ್ನೆಯಾಗುತ್ತದೆ.

ತಂಗುದಾಣದ ನೆಲದಲ್ಲಿ ಮಸೀದಿ

ಈಗ ಇತೇವೊನ್‌ಗೆ ಮರಳೋಣ. 1427ರ ಆಜ್ಞೆಯ ನಂತರ ಕರಗಿಹೋದ ಮುಸ್ಲಿಮ್ ಸಮುದಾಯ ಐದು ಶತಮಾನಗಳ ಬಳಿಕ ಮತ್ತೆ ಕಣ್ಬಿಟ್ಟಿದ್ದು 1950ರ ಯುದ್ಧದ ಹಸಿವಿನ ನಡುವೆ. ವಿಶ್ವಸಂಸ್ಥೆಯ ಪರವಾಗಿ ಕಾದಾಡಲು ತುರ್ಕಿಯ ಸಾವಿರಾರು ಸೈನಿಕರು ಬಂದಿದ್ದರು. ಬೂಸಾನ್‌ನ ವಿಶ್ವಸಂಸ್ಥೆಯ ಸ್ಮಶಾನದಲ್ಲಿ ಅವರಲ್ಲಿ 462 ಮಂದಿಯ ಗೋರಿಗಳಿವೆ. ತುರ್ಕಿ ಸೈನಿಕರು ಸುವೊನ್ ಎಂಬಲ್ಲಿ ಅನಾಥ ಮಕ್ಕಳಿಗಾಗಿ ಅಂಕಾರಾ ಶಾಲೆ ನಡೆಸಿ ಊಟ, ಪಾಠ ಎರಡನ್ನೂ ಕೊಟ್ಟರು. ಅವರ ಸೇನೆಯ ಇಮಾಮರಿಂದ ಇಸ್ಲಾಮನ್ನು ಅರಿತ ಕೊರಿಯನ್ನರು 1955ರಲ್ಲಿ ತಮ್ಮದೊಂದು ಸಂಘ ಕಟ್ಟಿಕೊಂಡರು. 1970ರ ದಶಕದಲ್ಲಿ ಕೊರಿಯಾದ ಕಾರ್ಮಿಕರು ಸೌದಿ ಅರೇಬಿಯದಂಥ ದೇಶಗಳಿಗೆ ರಸ್ತೆ, ಬಂದರು ಕಟ್ಟಲು ಹೊರಟರು. ಆ ನಂಟಿನ ಕಾಲದಲ್ಲಿ ಕೊರಿಯಾ ಸರಕಾರ ಇತೇವೊನ್‌ನ ಗುಡ್ಡದ ಮೇಲೆ ಜಾಗ ಕೊಟ್ಟಿತು, ಮುಸ್ಲಿಮ್ ದೇಶಗಳು ಹಣ ಕೊಟ್ಟವು. 1976ರ ಮೇ ತಿಂಗಳಲ್ಲಿ ಸಿಯೋಲ್ ಕೇಂದ್ರ ಮಸೀದಿ ತೆರೆಯಿತು. ಅನ್ನದ ಬಟ್ಟಲು ಕಿರಿದಾದ ಅದೇ ವರ್ಷ, ಒಂದು ಕಾಲದ ಮುಸಾಫಿರ್‌ಖಾನೆಯ ಹೆಸರು ಹೊತ್ತ ಪ್ರದೇಶದಲ್ಲಿ ಅಜಾನ್ ಕೇಳಿಸಿತು. ಮಸೀದಿಯ ಸುತ್ತಲಿನ ಬೀದಿಗಳಲ್ಲಿ ಇಂದು ಹಲಾಲ್ ಕೊರಿಯನ್ ಊಟವೂ ಸಿಗುತ್ತದೆ.

ಆದರೆ ಕತೆ ಇಲ್ಲಿಗೆ ಸುಖಾಂತವಾಗುವುದಿಲ್ಲ. ದೇಗು ನಗರದಲ್ಲಿ ವಿಶ್ವವಿದ್ಯಾಲಯದ ಪಕ್ಕದ ಬಡಾವಣೆಯಲ್ಲಿ ಮುಸ್ಲಿಮ್ ವಿದ್ಯಾರ್ಥಿಗಳು ಒಂದು ಚಿಕ್ಕ ಮಸೀದಿ ಕಟ್ಟಲು 2020ರಲ್ಲಿ ಪರವಾನಗಿ ಪಡೆದರು. ನೆರೆಯವರ ವಿರೋಧದಿಂದ 2021ರಲ್ಲಿ ಕೆಲಸ ನಿಂತಿತು. ವಿದ್ಯಾರ್ಥಿಗಳು ನ್ಯಾಯಾಲಯಕ್ಕೆ ಹೋದರು. 2022ರ ಸೆಪ್ಟೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪು ನೀಡಿತು. ಅದರ ಬೆನ್ನಿಗೆ ಕೆಲವರು ಕಟ್ಟಡದ ಮುಂದೆ ಹಂದಿಯ ತಲೆಗಳನ್ನು ತಂದಿಟ್ಟರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿಯೇ ಹಂದಿಮಾಂಸ ಸುಟ್ಟು ಔತಣ ನಡೆಸಿದರು. ಅನಂತರವೂ ಕಟ್ಟಡದ ಕೆಲಸ ಸುಸೂತ್ರವಾಗಿ ಸಾಗಲಿಲ್ಲ.

ಯಾರ ಊಟವನ್ನೂ ನಾವು ಹಳಿಯಬೇಕಾಗಿಲ್ಲ. ಹಂದಿಮಾಂಸ ಕೊರಿಯನ್ನರ ನಿತ್ಯದ ಆಹಾರ. ಅದನ್ನು ಅವರು ತಿನ್ನುವುದಕ್ಕೆ ಅಲ್ಲಿನ ಮುಸ್ಲಿಮ್ ವಿದ್ಯಾರ್ಥಿಗಳು ಆಕ್ಷೇಪ ಎತ್ತಿದವರೂ ಅಲ್ಲ. ನೋವಾಗುವುದು ಊಟವನ್ನು ಅವಮಾನದ ಸಾಧನವಾಗಿ ಬಳಸಿದಾಗ. ಹಾಗೆ ಬಳಸಿದವರು ಮುಸ್ಲಿಮರಿಗಷ್ಟೇ ಅಲ್ಲ, ತಮ್ಮದೇ ನಾಡಿನ ಜುಮಾಕ್‌ಗೂ ಅಪಚಾರ ಮಾಡಿದರು. ಇದನ್ನು ಅರಿತ ಕೊರಿಯನ್ನರೂ ಇದ್ದಾರೆ. ದೇಗುವಿನ ನಾಗರಿಕ ಸಂಘಟನೆಗಳು ವಿದ್ಯಾರ್ಥಿಗಳ ಪರವಾಗಿ ಬೀದಿಗಿಳಿದವು, ನ್ಯಾಯಾಲಯದ ಹೋರಾಟದಲ್ಲೂ ಜೊತೆಗಿದ್ದವು. 1427ರಲ್ಲಿ ಹ್ವೆಹ್ವೆಗಳ ಜೊತೆಗೆ ಹಾಗೆ ನಿಂತವರು ಇದ್ದರೋ ಇಲ್ಲವೋ, ದಾಖಲೆಯಲ್ಲಂತೂ ಅವರ ಮಾತಿಲ್ಲ.

ಹೊರಗಿನವನನ್ನು ಒಂದು ಸಮಾಜ ಎರಡು ರೀತಿಯಲ್ಲಿ ಬರಮಾಡಿಕೊಳ್ಳಬಹುದು. ನಮ್ಮಂತೆ ಉಡು, ನಮ್ಮಂತೆ ಉಣ್ಣು, ಆಮೇಲೆ ನೀನು ನಮ್ಮವನು ಎನ್ನುವುದು ಒಂದು. ಅದು 1427ರ ದಾರಿ. ಉಂಡವನಿಗೆ ಮಲಗಲು ಜಾಗವಿದೆ, ನೀನು ಯಾರೆಂದು ಆಮೇಲೆ ಹೇಳು ಎನ್ನುವುದು ಇನ್ನೊಂದು. ಅದು ಜುಮಾಕ್‌ನ ದಾರಿ. ಈ ಆಯ್ಕೆ ಕೊರಿಯಾಕ್ಕೆ ಮಾತ್ರ ಸೇರಿದ್ದಲ್ಲ. ಯಾರು ಏನು ತಿನ್ನುತ್ತಾರೆ, ಏನು ತೊಡುತ್ತಾರೆ ಎಂಬುದರ ಮೇಲೆ ಜಗಳವಾಗುವ ಯಾವ ನಾಡೂ ಇದರಿಂದ ತಪ್ಪಿಸಿಕೊಳ್ಳಲಾರದು. ನಾವು ಮುಸ್ಲಿಮರೂ ನಮ್ಮ ಮನೆಯ ಬಾಗಿಲಿಗೆ, ನಮ್ಮ ದಸ್ತರ್‌ಖಾನಿಗೆ ಬೇರೆಯವರು ಬಂದಾಗ ಈ ಪ್ರಶ್ನೆಯನ್ನು ನಮಗೇ ಹಾಕಿಕೊಳ್ಳಬೇಕು.

ಮೀನಿನ ಗಲ್ಲಿಯಲ್ಲಿ ಊಟ ಮುಗಿಸಿ ಎದ್ದಾಗ ಆ ವೃದ್ಧೆ ನಮ್ಮ ಬಟ್ಟಲುಗಳತ್ತ ನೋಡಿದರು. ಸೊಪ್ಪಿನ ಬಟ್ಟಲು ಎರಡು ಸಲ ಖಾಲಿಯಾಗಿತ್ತು. ಬಿಲ್ಲಿನಲ್ಲಿದ್ದದ್ದು ಊಟದ ದರ ಮಾತ್ರ. ಹೆಚ್ಚಿಗೆ ಒಂದಿಷ್ಟು ಇಡಲು ಹೋದೆವು. ಅಲ್ಲಿ ಟಿಪ್ಸ್ ಕೊಡುವ ರೂಢಿಯಿಲ್ಲ. ಆಕೆ ಅದನ್ನು ನಮ್ಮ ಕೈಗೇ ತುರುಕಿ, ಏನೋ ಹೇಳಿ ಬಾಗಿಲವರೆಗೆ ಬಂದರು. ಆ ಮಾತು ನಮಗೆ ಅರ್ಥವಾಗಲಿಲ್ಲ. ಅಸ್ಸಲಾಮು ಅಲೈಕುಮ್ ಎಂದು ಹೇಳಿ ಹೊರಟೆವು. ಅದು ಆಕೆಗೂ ಅರ್ಥವಾಗಿರಲಾರದು. ಆದರೂ ತಲೆ ಬಾಗಿಸಿ ಬೀಳ್ಕೊಟ್ಟರು.